ಗುಣವಾಗದ ಕಾಯಿಲೆ ಮತ್ತು ದಯಾಮರಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಗುಣವಾಗದ ಕಾಯಿಲೆಯ ಕೊನೆಯ ದಿನಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು, ಹೆಸರುಗಳನ್ನು ಬಿಟ್ಟು, ಊರುಗಳನ್ನು ಮಾತ್ರ ಉಳಿಸಿಕೊಂಡು ಇಲ್ಲಿ ಪ್ರಕಟಿಸಿದ್ದೇವೆ. ಉತ್ತರಿಸಿದವರು ಉಪಶಮನ ಆರೈಕೆಯಲ್ಲಿ, ಅಂದರೆ ರೋಗಿಯ ನೋವು, ಸಂಕಟಗಳನ್ನು ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್ ವಿಭಾಗದಲ್ಲಿ, ಕೆಲಸ ಮಾಡುವ ವೈದ್ಯರು.

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ. ಇನ್ನು ಕೀಮೋ ಕೊಟ್ಟು ಪ್ರಯೋಜನವಿಲ್ಲವೆಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳುಹಿಸಿದರು. ರಾತ್ರಿಯಿಡೀ ನರಳುತ್ತಾರೆ. "ಒಂದು ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡು ಮಗಳೇ" ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಕರ್ನಾಟಕ ಸರ್ಕಾರ ದಯಾಮರಣಕ್ಕೆ ಅನುಮತಿ ಕೊಟ್ಟಿದೆಯೆಂದು ಪತ್ರಿಕೆಯಲ್ಲಿ ಓದಿದ್ದೆ. ಯಾರನ್ನು ಕೇಳಬೇಕು? ಹೀಗೆ ಕೇಳುವುದೇ ಪಾಪವೇ? — ಶಿವಮೊಗ್ಗ

ಉತ್ತರ: ಕೇಳುವುದು ಪಾಪವಲ್ಲ, ತಾಯಿ. ಇಂಥ ಮನೆಗಳಲ್ಲಿ ಈ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ನೀವು ಅದನ್ನು ಬಾಯಿಬಿಟ್ಟು ಕೇಳಿದ್ದೀರಿ, ಅಷ್ಟೇ. ಮೊದಲು ಕಾನೂನಿನ ಮಾತು. ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆ ನೀವು ತಿಳಿದುಕೊಂಡಿರುವ ಅರ್ಥದ ದಯಾಮರಣಕ್ಕೆ ಅನುಮತಿ ಕೊಡುವುದಿಲ್ಲ. ಚೇತರಿಕೆಯ ಆಸೆಯೇ ಇಲ್ಲದ ರೋಗಿಯನ್ನು ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆಯ ಮೇಲೆ ಇಟ್ಟಿದ್ದಾಗ, ಅದನ್ನು ನಿಲ್ಲಿಸುವುದಕ್ಕೆ ಅಥವಾ ಹೊಸದಾಗಿ ಆರಂಭಿಸದೆ ಇರುವುದಕ್ಕೆ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮವನ್ನು ಜಿಲ್ಲೆಗಳಲ್ಲಿ ಜಾರಿಗೆ ತರುವುದಷ್ಟೇ ಅದರ ಉದ್ದೇಶ. ಇದನ್ನು ದಯಾಮರಣವೆಂದು ಭಾವಿಸಬಾರದು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಗಲೇ ಸ್ಪಷ್ಟಪಡಿಸಿದ್ದರು. ಸಾಯಿಸುವ ಉದ್ದೇಶದಿಂದ ಇಂಜೆಕ್ಷನ್ ಕೊಡುವುದು ಭಾರತದಲ್ಲಿ ಇಂದಿಗೂ ಕೊಲೆಗೆ ಸಂಬಂಧಿಸಿದ ಅಪರಾಧ. ಸಾಯಲು ನೆರವಾಗುವುದು ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಮಿನಡಿ ಆತ್ಮಹತ್ಯೆಗೆ ಕುಮ್ಮಕ್ಕು. ಯಾವ ವೈದ್ಯರೂ ಅದನ್ನು ಮಾಡಲಾರರು, ನೀವೂ ಮಾಡಬಾರದು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಾಕ್ಯ ಬೇರೆ: "ರಾತ್ರಿಯಿಡೀ ನರಳುತ್ತಾರೆ." ಅವರನ್ನು ಮನೆಗೆ ಕಳುಹಿಸಿದಾಗ ನೋವಿಗೆ ಏನು ಬರೆದುಕೊಟ್ಟರು ಎಂಬುದು ಪತ್ರದಲ್ಲೆಲ್ಲೂ ಇಲ್ಲ. ಬಹುಶಃ ಏನೂ ಕೊಟ್ಟಿಲ್ಲ, ಕೊಟ್ಟಿದ್ದರೂ ಜ್ವರಕ್ಕೆ ಕೊಡುವ ಮಾತ್ರೆ ಕೊಟ್ಟಿರಬಹುದು. "ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ" ಎಂಬ ಮಾತು ಕ್ಯಾನ್ಸರನ್ನು ಗುಣಪಡಿಸುವ ಮಟ್ಟಿಗೆ ನಿಜವಿರಬಹುದು. ನೋವಿನ ಮಟ್ಟಿಗೆ ಅದು ಸುಳ್ಳು, ಮತ್ತು ಆ ಸುಳ್ಳಿನಿಂದಾಗಿ ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ಜನ ಸಾಯುವುದಕ್ಕೆ ಮೊದಲೇ ಸಾವನ್ನು ಬೇಡುವ ಸ್ಥಿತಿಗೆ ಬರುತ್ತಿದ್ದಾರೆ. ನಿಮ್ಮ ತಂದೆಯ ನೋವಿಗೆ ಮಾರ್ಫಿನ್ ಇದೆ. ಮೇದೋಜೀರಕ ಗ್ರಂಥಿಯ ಗಡ್ಡೆ ಹೊಟ್ಟೆಯ ಹಿಂಭಾಗದಲ್ಲಿರುವ ನರಗಳ ಜಾಲವನ್ನು ಒತ್ತುವುದರಿಂದ ನೋವು ಬೆನ್ನಿಗೆ ಹಾಯುತ್ತದೆ. ಆ ಜಾಲಕ್ಕೇ ಚುಚ್ಚುಮದ್ದು ಕೊಟ್ಟು ನೋವನ್ನು ತಡೆಯುವ ವಿಧಾನವೂ ಇದೆ. ಕಾಮಾಲೆಯಾಗಿ ಮೈಯೆಲ್ಲ ತುರಿಸುತ್ತಿದ್ದರೆ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿ ಕಡಿಮೆ ಮಾಡಬಹುದು. ಹೊಟ್ಟೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತಿದ್ದರೆ ಅದನ್ನು ತೆಗೆಸಬಹುದು. ಇವುಗಳಲ್ಲಿ ಯಾವುದೂ ಆಯುಷ್ಯವನ್ನು ಬಹಳವಾಗಿ ಹೆಚ್ಚಿಸುವುದಿಲ್ಲ. ಆದರೆ ಉಳಿದ ರಾತ್ರಿಗಳಲ್ಲಿ ಅವರಿಗೂ ನಿಮಗೂ ನಿದ್ದೆ ಬರುತ್ತದೆ.

ನೋವು ಇಳಿದ ಮೇಲೂ ಅವರು ಅದೇ ಮಾತು ಹೇಳಿದರೆ ಬಾಯಿ ಮುಚ್ಚಿಸಬೇಡಿ. "ಹಾಗೆಲ್ಲ ಮಾತಾಡಬೇಡಿ ಅಪ್ಪ" ಎಂದರೆ ಅವರು ಹೇಳುವುದನ್ನು ನಿಲ್ಲಿಸುತ್ತಾರೆಯೇ ಹೊರತು ಯೋಚಿಸುವುದನ್ನು ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ಕುಳಿತು, ಯಾವುದಕ್ಕೆ ಹೆಚ್ಚು ಹೆದರಿಕೆಯಾಗುತ್ತಿದೆ ಎಂದು ಕೇಳಿ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಕೊನೆಯ ದಿನಗಳ ಆರೈಕೆಯ ಆಸ್ಪತ್ರೆ ತೆರೆದ ಡಾ. ಸಿಸಿಲಿ ಸಾಂಡರ್ಸ್, ಸಾಯುತ್ತಿರುವವರ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಮನೆಮಂದಿಯದು, ನಂಬಿಕೆಯದು ಕೂಡ, ಎಲ್ಲವನ್ನೂ ಸೇರಿಸಿಯೇ ನೋಡಬೇಕು ಎಂದು ಕಲಿಸಿದರು. ನಮ್ಮ ವಾರ್ಡುಗಳಲ್ಲಿ ಕೇಳಿದಾಗ ಹೊರಬರುವ ಉತ್ತರಗಳೂ ಹಾಗೆಯೇ ಇರುತ್ತವೆ: ಮಗಳಿಗೆ ಸಾಲವಾಗುತ್ತಿದೆ, ಸೊಸೆಯ ಕೈಯಲ್ಲಿ ಮೈ ತೊಳೆಸಿಕೊಳ್ಳಲು ನಾಚಿಕೆ, ತಮ್ಮನೊಡನೆ ಮಾತು ಬಿಟ್ಟು ವರ್ಷಗಳಾದವು. ಇವುಗಳಲ್ಲಿ ಕೆಲವಕ್ಕೆ ಪರಿಹಾರವಿದೆ. ಅವರ ಮಾತಿನಲ್ಲಿ ಹತಾಶೆ ಗಾಢವಾಗಿದ್ದರೆ ಅದು ಖಿನ್ನತೆಯೂ ಆಗಿರಬಹುದು, ಕೊನೆಯ ಹಂತದಲ್ಲೂ ಅದಕ್ಕೆ ಚಿಕಿತ್ಸೆಯಿದೆ. ನಿಮಗೇ ತಡೆಯಲಾಗದಂತಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೂ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಉಪಶಮನ ಆರೈಕೆಯ ವಿಭಾಗಗಳಿವೆ. ಬೆಂಗಳೂರಿನ ಮಾರತ್‌ಹಳ್ಳಿ ಬಳಿಯ ಕರುಣಾಶ್ರಯದಲ್ಲಿ, ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಎಲ್ಲಿಗೇ ಹೋದರೂ ಡಿಸ್ಚಾರ್ಜ್ ಸಾರಾಂಶ ಮತ್ತು ಬಯಾಪ್ಸಿ ವರದಿ ಜೊತೆಯಲ್ಲಿರಲಿ.

ಪ್ರಶ್ನೆ: ನನ್ನ ಹೆಂಡತಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದಿದ್ದಾರೆ. ಅದು ಅಫೀಮು, ಚಟ ಹಿಡಿಯುತ್ತದೆ, ಕೊಟ್ಟರೆ ಬೇಗ ಹೋಗಿಬಿಡುತ್ತಾಳೆ ಎಂದು ನನ್ನ ಭಾವಮೈದುನ ಹಟ ಹಿಡಿದಿದ್ದಾನೆ. ಮಾತ್ರೆಗಳು ಕಪಾಟಿನಲ್ಲೇ ಇವೆ. — ಹುಬ್ಬಳ್ಳಿ

ಉತ್ತರ: ದಯವಿಟ್ಟು ಇಂದೇ ಕಪಾಟಿನಿಂದ ತೆಗೆಯಿರಿ. ಮಾರ್ಫಿನ್ ಅಫೀಮಿನಿಂದಲೇ ಬರುವುದು ನಿಜ. ಆದರೆ ನೋವಿರುವವರಿಗೆ ವೈದ್ಯರು ಅಳೆದು, ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಕೊಟ್ಟಾಗ ಅದು ಪ್ರಾಣವನ್ನು ಬೇಗ ಒಯ್ಯುವುದಿಲ್ಲ. ಕೊನೆಯ ಹಂತದ ಏದುಸಿರನ್ನೂ ಕಡಿಮೆ ಮಾಡುತ್ತದೆ. ಸಾಧಾರಣ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯಷ್ಟೇ ಇರುವುದರಿಂದ, ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿಕೊಂಡು ಕೊಡಬೇಕು. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಬರಬಹುದು, ಆಮೇಲೆ ಇಳಿಯುತ್ತದೆ. ಮಲಬದ್ಧತೆ ಮಾತ್ರ ಮಾತ್ರೆ ನುಂಗುವಷ್ಟು ದಿನವೂ ಇರುತ್ತದೆ, ಆದ್ದರಿಂದ ಮಲ ಸಡಿಲಿಸುವ ಔಷಧವನ್ನು ಜೊತೆಯಲ್ಲೇ ಬರೆಸಿಕೊಳ್ಳಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಅಥವಾ ಉಸಿರು ತೀರ ನಿಧಾನವಾದರೆ ಮುಂದಿನ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ತಿಳಿಸಬೇಕು. ನೀವೇ ಪ್ರಮಾಣ ಹೆಚ್ಚಿಸುವುದಾಗಲಿ, ಒಮ್ಮೆಲೇ ನಿಲ್ಲಿಸುವುದಾಗಲಿ ಬೇಡ. ಇನ್ನು ಚಟದ ಮಾತು: ನೋವಿಗಾಗಿ ಔಷಧ ಬೇಕಾಗುವುದು ಚಟವಲ್ಲ, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬೇಕಾಗುವ ಹಾಗೆ ಅದೂ ಒಂದು ಅಗತ್ಯ.

ನಿಮ್ಮ ಭಾವಮೈದುನನ ಭಯ ಅವರೊಬ್ಬರದೇ ಅಲ್ಲ. ಸರ್ಕಾರದ ಲೈಸೆನ್ಸಿನ ಮೇಲೆ ಅಫೀಮು ಬೆಳೆಯುವ ದೇಶ ನಮ್ಮದು, ನಮ್ಮ ಅಫೀಮು ಹೊರದೇಶಗಳ ಔಷಧ ಕಾರ್ಖಾನೆಗಳಿಗೆ ಹೋಗುತ್ತದೆ. ಆದರೂ 1985ರ ಮಾದಕವಸ್ತು ಕಾಯ್ದೆಯ ನಂತರ, ಹತ್ತಾರು ಲೈಸೆನ್ಸುಗಳ ಕಾಟಕ್ಕೆ ಹೆದರಿ ನಮ್ಮ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ತಲೆಮಾರಿನ ವೈದ್ಯರು ಅದನ್ನು ಬರೆಯುವುದನ್ನೇ ಕಲಿಯದೆ ಹೊರಬಂದರು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರ ದೀರ್ಘ ಹೋರಾಟದ ಫಲವಾಗಿ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ದಾರಿ ಸುಗಮವಾಯಿತು. ಅಷ್ಟು ಕಷ್ಟಪಟ್ಟು ರೋಗಿಯ ಕೈಗೆ ಬಂದ ಔಷಧ ಕಪಾಟಿನಲ್ಲಿ ಕೂಡಬಾರದು.

ಪ್ರಶ್ನೆ: ನಾನು 64 ವರ್ಷದ ನಿವೃತ್ತ ಅಧ್ಯಾಪಕ. ಸ್ನಾಯುಗಳನ್ನು ನಡೆಸುವ ನರಗಳು ಕ್ರಮೇಣ ಕೆಡುವ ಮೋಟಾರ್ ನ್ಯೂರಾನ್ ಕಾಯಿಲೆಯೆಂದು ಗೊತ್ತಾಗಿದೆ. ಕೈಗಳ ಶಕ್ತಿ ಕುಂದುತ್ತಿದೆ, ಬುದ್ಧಿ ಸ್ವಚ್ಛವಾಗಿದೆ. ಮುಂದೆ ಗಂಟಲಿಗೆ ರಂಧ್ರ ಮಾಡಿ ವೆಂಟಿಲೇಟರಿಗೆ ಜೋಡಿಸುವುದು ನನಗೆ ಬೇಡ. ಇದನ್ನು ಕಾನೂನುಬದ್ಧವಾಗಿ ಬರೆದಿಡುವುದು ಹೇಗೆ? — ಮೈಸೂರು

ಉತ್ತರ: ಬರೆದಿಡಬಹುದು, ಮತ್ತು ಕೈಯಲ್ಲಿ ಸಹಿ ಹಾಕುವ ಶಕ್ತಿ ಇರುವಾಗಲೇ ಬರೆದಿಡಿ. ಕಾಮನ್ ಕಾಸ್ ಎಂಬ ಸ್ವಯಂಸೇವಾ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಅಡಕವಾಗಿದೆಯೆಂದು ಹೇಳಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ನಾವು ಲಿವಿಂಗ್ ವಿಲ್ ಎನ್ನುವ ದಾಖಲೆಗೆ, ಮಾನ್ಯತೆ ಕೊಟ್ಟಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿದ್ದುದರಿಂದ ಕ್ರಮ ಎಷ್ಟು ಕ್ಲಿಷ್ಟವಾಗಿತ್ತೆಂದರೆ ಹೆಚ್ಚಿನವರು ಅದರ ಗೋಜಿಗೇ ಹೋಗಲಿಲ್ಲ. 2023ರ ಜನವರಿ 24ರಂದು ನ್ಯಾಯಾಲಯವೇ ಅದನ್ನು ಸಡಿಲಿಸಿತು. ಈಗ ನೀವು ಕಾಗದದ ಮೇಲೆ ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಬರೆದು, ನೀವು ಮಾತನಾಡಲಾಗದಾಗ ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರು ನಮೂದಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಒಂದೊಂದು ಪ್ರತಿಯನ್ನು ಹೆಸರಿಸಿದವರಿಗೂ, ಕುಟುಂಬದ ವೈದ್ಯರಿಗೂ, ಪಾಲಿಕೆಯ ನಿಯೋಜಿತ ಅಧಿಕಾರಿಗೂ ಕೊಡಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದುಮಾಡಬಹುದು.

ನೀವೇ ಹೇಳುವ ಸ್ಥಿತಿಯಲ್ಲಿ ಇಲ್ಲದ ದಿನ ಬಂದಾಗ, ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷದ ಅನುಭವವಿರುವ ಇಬ್ಬರು ತಜ್ಞರೂ ಸೇರಿದ ಮೊದಲ ಮಂಡಳಿ, ಆನಂತರ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿ ಪರಿಶೀಲಿಸುತ್ತವೆ. ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಪ್ರತಿಯೊಂದು ಮಂಡಳಿಯೂ ಅಭಿಪ್ರಾಯ ಕೊಡಬೇಕು. ಅವು ಒಪ್ಪಿದ ಮೇಲೆ, ಜಾರಿಗೆ ತರುವ ಮುನ್ನ, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಮನೆಯವರು ಹೈಕೋರ್ಟಿಗೆ ಹೋಗಬಹುದು. ಎರಡನೆಯ ಮಂಡಳಿಗೆ ವೈದ್ಯರನ್ನು ಜಿಲ್ಲಾ ಮಟ್ಟದಲ್ಲಿ ಗೊತ್ತುಮಾಡದೆ ಇದ್ದುದರಿಂದ ಎಲ್ಲವೂ ನಿಂತುಹೋಗುತ್ತಿತ್ತು. ಮೊದಲ ಪತ್ರಕ್ಕೆ ಉತ್ತರಿಸುವಾಗ ಹೇಳಿದ ಸುತ್ತೋಲೆ ತುಂಬಿದ್ದು ಈ ಕೊರತೆಯನ್ನೇ.

ಒಂದು ಸಲಹೆ. "ಯಾವ ಚಿಕಿತ್ಸೆಯೂ ಬೇಡ" ಎಂದು ಒಂದೇ ಸಾಲಿನಲ್ಲಿ ಬರೆಯಬೇಡಿ. ಮೂಗಿಗೆ ಮುಖವಾಡ ಹಾಕಿ ಉಸಿರಾಟಕ್ಕೆ ನೆರವಾಗುವ ಯಂತ್ರ ನಿಮ್ಮ ಕಾಯಿಲೆಯಲ್ಲಿ ರಾತ್ರಿಯ ನಿದ್ದೆಗೂ ಹಗಲಿನ ಚೈತನ್ಯಕ್ಕೂ ಬಹಳ ಸಹಾಯ ಮಾಡುತ್ತದೆ, ಅದನ್ನು ನೀವು ಇಷ್ಟಪಡಬಹುದು. ನುಂಗಲು ಕಷ್ಟವಾದಾಗ ಹೊಟ್ಟೆಗೆ ಹಾಕುವ ಆಹಾರ ನಳಿಕೆಯ ಬಗ್ಗೆಯೂ ಪ್ರತ್ಯೇಕವಾಗಿ ಯೋಚಿಸಿ. ನೋವು, ಏದುಸಿರು, ಆತಂಕಗಳ ಶಮನ ಕೊನೆಯ ಗಳಿಗೆಯವರೆಗೂ ಬೇಕು ಎಂಬುದನ್ನು ಮರೆಯದೆ ಸೇರಿಸಿ. ಮತ್ತು ಈ ಕಾಗದವನ್ನು ಮಕ್ಕಳ ಮುಂದೆ ಓದಿ ಹೇಳಿ, ಏಕೆಂದರೆ ಬೀರುವಿನಲ್ಲಿಟ್ಟ ಕಾಗದ ತುರ್ತು ವಾಹನ ಬಂದ ರಾತ್ರಿ ಯಾರ ಕೈಗೂ ಸಿಗುವುದಿಲ್ಲ.

ಪ್ರಶ್ನೆ: ಅರುಣಾ ಶಾನಭಾಗ ನಮ್ಮ ಪಕ್ಕದ ಹಳದೀಪುರದವರು. ಅಷ್ಟು ವರ್ಷ ಅವರನ್ನು ಹಾಗೆ ಮಲಗಿಸಿದ್ದು ಸರಿಯೇ? — ಹೊನ್ನಾವರ

ಉತ್ತರ: ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಮೇಲೆ 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್‌ಬಾಯ್ ಹಲ್ಲೆ ನಡೆಸಿ, ಕುತ್ತಿಗೆಗೆ ಸರಪಳಿ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ನಿಂತು ಅವರು ಮತ್ತೆ ಎಚ್ಚರದ ಬದುಕಿಗೆ ಮರಳಲಿಲ್ಲ. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತವಾಗಿ ಸಾಯಲು ಬಿಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅರುಣಾ ಪರವಾಗಿ ನಿರ್ಧರಿಸುವ ಹಕ್ಕು ದಶಕಗಳಿಂದ ಉಣಿಸಿ, ಮೈ ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದಿತು. ಆದರೆ ಅದೇ ತೀರ್ಪು, ಹೈಕೋರ್ಟಿನ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದೆಂದು ಮೊದಲ ಬಾರಿಗೆ ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಸರಿಯೇ ಎಂದು ಕೇಳಿದ್ದೀರಿ. ಅರುಣಾಗೆ ಏನು ಬೇಕಾಗಿತ್ತು ಎಂಬುದನ್ನು ತಿಳಿಯುವ ದಾರಿ ನಮಗಿರಲಿಲ್ಲ. ಆ ದಾದಿಯರ ಪ್ರೀತಿಯನ್ನು ಹಗುರವಾಗಿ ಮಾತನಾಡುವ ಹಕ್ಕು ನನಗಿಲ್ಲ, ಆ ಅರ್ಜಿಯ ಹಿಂದಿದ್ದ ಸಂಕಟವೂ ಸುಳ್ಳಲ್ಲ. 25ರ ಹರೆಯದ ಹುಡುಗಿ ಲಿವಿಂಗ್ ವಿಲ್ ಬರೆದಿರಲು ಸಾಧ್ಯವೇ ಇರಲಿಲ್ಲ. ಇಂದು ಅದು ಸಾಧ್ಯವಾಗಿರುವುದಕ್ಕೆ ಕಾರಣವಾದವರಲ್ಲಿ ಆಕೆಯೂ ಒಬ್ಬರು ಎಂಬುದನ್ನು ಮಾತ್ರ ನಿಮ್ಮ ಜಿಲ್ಲೆಯವರು ನೆನಪಿಡಬೇಕು.

ಪ್ರಶ್ನೆ: ಕೆನಡಾದಲ್ಲಿ ನಮ್ಮ ನೆರೆಮನೆಯ ವೃದ್ಧರು ವೈದ್ಯರ ನೆರವಿನಿಂದ, ಮಕ್ಕಳ ಜೊತೆ ಊಟ ಮಾಡಿ, ತಾವೇ ಗೊತ್ತುಮಾಡಿದ ದಿನ ಸತ್ತರು. ಊರಿನಲ್ಲಿ ನನ್ನ ದೊಡ್ಡಪ್ಪ ಐಸಿಯುವಿನಲ್ಲಿ ಕೈಕಟ್ಟಿಸಿಕೊಂಡು ಸತ್ತರು. ಇಂಥ ಕಾನೂನನ್ನು ಭಾರತ ಏಕೆ ತರಬಾರದು? — ಟೊರಾಂಟೊ

ಉತ್ತರ: ನಿಮ್ಮ ದೊಡ್ಡಪ್ಪನ ಸಾವಿನ ಬಗ್ಗೆ ಓದಿ ತುಂಬಾ ನೊಂದೆ. ಆದರೆ ಆ ಸಾವನ್ನು ತಪ್ಪಿಸಲು ಕೆನಡಾದ ಕಾನೂನು ಬೇಕಾಗಿರಲಿಲ್ಲ. ಬೇಡದ ಚಿಕಿತ್ಸೆಯನ್ನು ನಿರಾಕರಿಸುವ, ಈಗಾಗಲೇ ಇರುವ ಹಕ್ಕು ಅವರಿಗೆ ದಕ್ಕಿದ್ದರೆ ಸಾಕಾಗಿತ್ತು. ನಮ್ಮಲ್ಲಿ ಬಹಳ ಕಡೆ ಕೊನೆಯ ಹಂತದ ರೋಗಿಗೆ ಎರಡೇ ದಾರಿ: ಒಂದೋ ಯಂತ್ರಗಳ ನಡುವೆ ಐಸಿಯು, ಇಲ್ಲವೇ ದುಡ್ಡು ಮುಗಿದ ದಿನ "ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ" ಎಂಬ ಕಾಗದಕ್ಕೆ ಸಹಿ ಹಾಕಿ, ಒಂದು ನೋವಿನ ಮಾತ್ರೆಯೂ ಇಲ್ಲದೆ ಆಂಬುಲೆನ್ಸಿನಲ್ಲಿ ಮನೆ. ಈ ಎರಡರ ನಡುವೆ ಇರಬೇಕಾದ ಮೂರನೆಯ ದಾರಿಯ ಹೆಸರೇ ಉಪಶಮನ ಆರೈಕೆ.

ದಯಾಮರಣದ ಪರವಾಗಿರುವ ವಾದ ಗಟ್ಟಿಯಾದದ್ದು, ಅದನ್ನು ಗೌರವಿಸುತ್ತೇನೆ. ಬುದ್ಧಿ ಸರಿಯಿರುವ ವಯಸ್ಕ, ಸಾವು ಖಚಿತವಾಗಿರುವಾಗ, ಅದು ಬರುವ ರೀತಿಯನ್ನು ತಾನೇ ಆರಿಸಿಕೊಳ್ಳುವುದನ್ನು ತಡೆಯಲು ಸರ್ಕಾರ ಯಾರು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಎಲ್ಲ ನರಳಾಟವನ್ನೂ ನಾವು ಶಮನಗೊಳಿಸಬಲ್ಲೆವು ಎಂದು ಹೇಳುವ ವೈದ್ಯರಿದ್ದರೆ ಅವರು ನಿಜ ಹೇಳುತ್ತಿಲ್ಲ. ಕೆಲವರಿಗೆ ಕೊನೆಗೆ ನಿದ್ದೆಯ ಔಷಧದಿಂದ ಪ್ರಜ್ಞೆ ತಗ್ಗಿಸುವುದೊಂದೇ ಉಳಿಯುತ್ತದೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ, ಸಾವು ಸಮೀಪಿಸಿದವರು ಸಾಯುವ ಔಷಧವನ್ನು ವೈದ್ಯರಿಂದ ಬರೆಸಿಕೊಂಡು ತಾವೇ ನುಂಗಬಹುದೆಂಬ ಕಾನೂನು 1997ರಿಂದ ಇದೆ. ಅಲ್ಲಿ ಔಷಧ ಬರೆಸಿಕೊಂಡವರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಅದನ್ನು ನುಂಗುವುದೇ ಇಲ್ಲ. ಕೈಯಲ್ಲೊಂದು ದಾರಿ ಇದೆಯೆಂಬ ಭರವಸೆಯೇ ಅವರಿಗೆ ಸಾಕಾಗಿರಬಹುದು. ಅಲ್ಲಿ ಜನ ಮುಖ್ಯವಾಗಿ ಹೇಳುವ ಕಾರಣವೂ ನೋವಲ್ಲ, ಸ್ವಾತಂತ್ರ್ಯ ಹೋಯಿತು, ಬದುಕಿನ ಸಂತೋಷಗಳು ಹೋದವು ಎಂಬುದು.

ನನ್ನನ್ನು ಹಿಂಜರಿಸುವುದು ಧರ್ಮಶಾಸ್ತ್ರವಲ್ಲ, ನಮ್ಮ ಮನೆಗಳ ಲೆಕ್ಕಾಚಾರ. ಕೆನಡಾ 2016ರಲ್ಲಿ ಸಾವು ಸಮೀಪಿಸಿದವರಿಗೆಂದು ತಂದ ಕಾನೂನನ್ನು 2021ರಲ್ಲಿ ಸಾವು ಸಮೀಪದಲ್ಲಿಲ್ಲದವರಿಗೂ ವಿಸ್ತರಿಸಿತು. ಮಾನಸಿಕ ಕಾಯಿಲೆಯೊಂದೇ ಇರುವವರಿಗೂ ಕೊಡಬೇಕೇ ಎಂಬ ಪ್ರಶ್ನೆಯನ್ನು ಅಲ್ಲಿನ ಸಂಸತ್ತು 2027ರ ಮಾರ್ಚ್‌ಗೆ ಮುಂದೂಡಿತು. ಅಂಗವಿಕಲರ ಸಂಘಟನೆಗಳು, ಬದುಕಲು ಬೇಕಾದ ನೆರವು ಸಿಗದೆ ಸಾವಿನ ನೆರವು ಸಿಗುವಂತಾಗಬಾರದು ಎಂದು ಅಲ್ಲಿ ಗಟ್ಟಿಯಾಗಿ ಆಕ್ಷೇಪಿಸಿದವು. ಎಲ್ಲರಿಗೂ ಸರ್ಕಾರವೇ ಚಿಕಿತ್ಸೆ ಕೊಡುವ ದೇಶದಲ್ಲಿ ಈ ಆತಂಕವಾದರೆ, ಚಿಕಿತ್ಸೆಗಾಗಿ ಹೊಲ ಮಾರುವ ನಮ್ಮ ಕುಟುಂಬಗಳಲ್ಲಿ, ಗಂಡನ ಕಾಯಿಲೆಗೆ ಸಾಲ ಮಾಡಿ ತನ್ನ ಕಾಯಿಲೆಯನ್ನು ಮುಚ್ಚಿಡುವ ತಾಯಂದಿರ ನಡುವೆ, "ನನ್ನನ್ನು ಕಳುಹಿಸಿಕೊಡಿ" ಎಂಬ ಮಾತು ನಿಜವಾಗಿಯೂ ಅವರದೇ ಇಚ್ಛೆ ಎಂದು ಯಾವ ಮಂಡಳಿ ಪ್ರಮಾಣಪತ್ರ ಕೊಟ್ಟೀತು? ಕೇಳಿದವರಿಗೆಲ್ಲ ಮಾರ್ಫಿನ್ ಸಿಗುವ, ಹಾಸಿಗೆ ಹಿಡಿದವರ ಮನೆಗೆ ದಾದಿ ಬರುವ ವ್ಯವಸ್ಥೆ ಮೊದಲು ಬರಲಿ. ಕೇರಳ 2008ರಲ್ಲಿಯೇ ಇದಕ್ಕೆ ಸರ್ಕಾರಿ ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ಮನೆಮನೆಗೆ ಆರೈಕೆ ತಲುಪಿಸಿತು. ನಮ್ಮಲ್ಲಿ ಆಗದ್ದೇನೂ ಅಲ್ಲ. ಅದಾದ ಮೇಲೂ ಸಾವನ್ನು ಕೇಳುವವರು ಇದ್ದೇ ಇರುತ್ತಾರೆ, ಆಗ ಅವರ ಮಾತನ್ನು ಬೇರೆಯದೇ ಗಂಭೀರತೆಯಿಂದ ಕೇಳಬೇಕಾಗುತ್ತದೆ. ಇಂದು ನಾನು ಬೇಡ ಎನ್ನುತ್ತೇನೆ, ಎಂದೆಂದಿಗೂ ಬೇಡ ಎಂದು ಹೇಳಲಾರೆ.

ಪ್ರಶ್ನೆ: ಜೈನರ ಸಲ್ಲೇಖನವೂ ದಯಾಮರಣವೂ ಒಂದೇ ಅಲ್ಲವೇ? — ಬೆಳಗಾವಿ

ಉತ್ತರ: ಅಲ್ಲವೆಂದು ನನ್ನ ತಿಳಿವಳಿಕೆ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸಾವಿರದ ನಾನೂರು ವರ್ಷಗಳಷ್ಟು ಹಿಂದಿನಿಂದ ಸಲ್ಲೇಖನದ ಶಾಸನಗಳಿವೆ. ರಾಷ್ಟ್ರಕೂಟರ ಕೊನೆಯ ದೊರೆ ನಾಲ್ವಡಿ ಇಂದ್ರ 982ರಲ್ಲಿ ಅಲ್ಲಿಯೇ ದೇಹ ಬಿಟ್ಟ. ಅದು ಗುರುವಿನ ಅನುಮತಿಯಿಂದ, ಹಂತಹಂತವಾಗಿ ಆಹಾರ ತ್ಯಜಿಸುವ ವ್ರತ. ಸಾವನ್ನು ಬಯಸುವುದೂ ಅದರಲ್ಲಿ ದೋಷವೇ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಅದನ್ನು ಆತ್ಮಹತ್ಯೆಗೆ ಸಮವೆಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ವೈದ್ಯನಾಗಿ ನಾನು ಹೇಳುವುದಿಷ್ಟೇ: ನೋವು ತಾಳಲಾರದೆ ಊಟ ಬಿಟ್ಟವರನ್ನು ವ್ರತಸ್ಥರೆಂದು ಕರೆಯುವ ಮೊದಲು ನೋವಿಗೆ ಔಷಧ ಕೊಟ್ಟು ನೋಡಬೇಕು.

ಪ್ರಶ್ನೆ: ಅತ್ತೆಗೆ ಕ್ಯಾನ್ಸರ್ ಎಂದು ಹೇಳಿಲ್ಲ, ಅಲ್ಸರ್ ಎಂದಿದ್ದೇವೆ. ಹೇಳಿದರೆ ಧೈರ್ಯಗೆಡುತ್ತಾರೆಂದು ನಮ್ಮ ಯಜಮಾನರ ಹೆದರಿಕೆ. ಈಗ ಅವರು "ನನಗೇನಾಗಿದೆ, ನಿಜ ಹೇಳು" ಎಂದು ನನ್ನನ್ನೇ ಕೇಳುತ್ತಾರೆ. — ಉಡುಪಿ

ಉತ್ತರ: ಹಾಗೆ ಕೇಳುತ್ತಿದ್ದಾರೆಂದರೆ ಅವರಿಗೆ ಅರ್ಧ ಗೊತ್ತಾಗಿದೆ. ಸೊಸೆಯನ್ನು ಕೇಳಿರುವುದು ಮಗನ ಮುಖದ ದುಃಖ ನೋಡಲಾಗದೆ ಇರಬಹುದು. ಒಂದೇ ಉಸಿರಿಗೆ ಎಲ್ಲ ಹೇಳಬೇಕಾಗಿಲ್ಲ. "ನಿಮಗೇನು ಅನ್ನಿಸುತ್ತಿದೆ ಅತ್ತೆ?" ಎಂದು ಮೊದಲು ಕೇಳಿ, ಅವರು ಎಷ್ಟು ಕೇಳುತ್ತಾರೋ ಅಷ್ಟಕ್ಕೆ ನಿಜವಾದ ಉತ್ತರ ಕೊಡಿ, ಮುಂದೆ ತಿಳಿಯುವುದು ಬೇಡ ಎಂದರೆ ಅಲ್ಲಿಗೆ ನಿಲ್ಲಿಸಿ, ಅದೂ ಅವರ ಹಕ್ಕು. ಗೊತ್ತಾದ ದಿನ ಅಳುತ್ತಾರೆ, ಒಂದೆರಡು ದಿನ ಊಟ ಬಿಡಬಹುದು. ಆಮೇಲೆ ಹೆಚ್ಚಿನವರು ಮಾಡಬೇಕಾದ ಕೆಲಸಗಳನ್ನು ನೆನೆಸಿಕೊಳ್ಳುತ್ತಾರೆ: ಯಾರ ಒಡವೆ ಯಾರಿಗೆ, ಯಾವ ದೇವರ ಹರಕೆ ಬಾಕಿ, ಯಾವ ಮೊಮ್ಮಗುವನ್ನು ನೋಡಬೇಕು. ಕೊನೆಯ ದಿನಗಳಲ್ಲಿ ಐಸಿಯು ಬೇಕೇ, ಮನೆಯೇ ಸಾಕೇ ಎಂಬುದನ್ನು ಕೇಳಿ ತಿಳಿಯುವ ಅವಕಾಶವೂ ಸತ್ಯ ಹೇಳಿದ ಮನೆಗೆ ಮಾತ್ರ ಇರುತ್ತದೆ. ನಿಮ್ಮ ಯಜಮಾನರಿಗೆ ಈ ಉತ್ತರವನ್ನು ಓದಲು ಕೊಡಿ. ಅವರಿಂದ ಹೇಳಲಾಗದಿದ್ದರೆ ಮುಂದಿನ ಭೇಟಿಗೆ ವೈದ್ಯರಲ್ಲಿ ಅರ್ಧ ಗಂಟೆ ಸಮಯ ಕೇಳಿ, ವರದಿಗಳೊಂದಿಗೆ ನೀವಿಬ್ಬರು ಮಾತ್ರ ಹೋಗುವುದನ್ನು ಬಿಟ್ಟು ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ.